ದಾವಣಗೆರೆಯಲ್ಲಿ ಡಿಜಿಪಿಎಸ್ 520 ಮೀಟರ್ ತೋರಿಸುತ್ತದೆ, ನಕ್ಷೆಯಲ್ಲಿ 600 ಇದೆ. ಯಾವುದು ಸರಿ?

ಭದ್ರಾ ನಾಲೆಯಿಂದ ಜಮೀನಿಗೆ ಪೈಪ್ ತರಬೇಕು, ಡಿಜಿಪಿಎಸ್ (ಉಪಗ್ರಹದ ಸಂಕೇತದಿಂದ ಜಾಗ, ಎತ್ತರ ಅಳೆಯುವ ಯಂತ್ರ) ಇಟ್ಟು ನೋಡಿದರೆ ನಕ್ಷೆಗೂ ಯಂತ್ರಕ್ಕೂ 80 ಮೀಟರ್ ವ್ಯತ್ಯಾಸ, ಯಂತ್ರ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕೆಟ್ಟಿಲ್ಲ. ಎರಡೂ ಸರಿ, ಎಲ್ಲಿಂದ ಅಳೆದಿದ್ದಾರೆ ಎಂಬುದು ಬೇರೆ.

ಉಪಗ್ರಹದಿಂದ ಸಿಗುವ ಎತ್ತರ ಎಲಿಪ್ಸಾಯ್ಡ್‌ನಿಂದ ಅಳೆದದ್ದು. ಎಲಿಪ್ಸಾಯ್ಡ್ ಎಂದರೆ ಲೆಕ್ಕದ ಅನುಕೂಲಕ್ಕೆ ಕಲ್ಪಿಸಿಕೊಂಡ ನುಣುಪಾದ ಭೂಮಿ. ನಕ್ಷೆಯ ಎತ್ತರ ಸಮುದ್ರ ಮಟ್ಟದಿಂದ ಅಳೆದದ್ದು. ಆ ಮಟ್ಟವನ್ನು ಭೂಭಾಗದ ಅಡಿಗೂ ಮುಂದುವರಿಸಿದರೆ, ಗುರುತ್ವಕ್ಕೆ ತಕ್ಕಂತೆ ಏರಿಳಿಯುವ ಒಂದು ಮೇಲ್ಮೈ ಸಿಗುತ್ತದೆ. ಅದೇ ಜಿಯಾಯ್ಡ್. ಶ್ರೀಲಂಕಾದ ದಕ್ಷಿಣದ ಸಾಗರದಲ್ಲಿ ಅದು ಎಲಿಪ್ಸಾಯ್ಡ್‌ಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಭೂಮಿಯ ಮೇಲೆ ಇದಕ್ಕಿಂತ ಆಳದ ಜಿಯಾಯ್ಡ್ ತಗ್ಗು ಇನ್ನೊಂದಿಲ್ಲ. ನಮ್ಮ ಜಿಲ್ಲೆಯೂ ಆ ತಗ್ಗಿನ ಇಳಿಜಾರಿನಲ್ಲೇ ಇರುವುದರಿಂದ ಇಲ್ಲಿ ಜಿಯಾಯ್ಡ್ ಅಂತರ, ಅಂದರೆ ಎಲಿಪ್ಸಾಯ್ಡ್‌ನಿಂದ ಜಿಯಾಯ್ಡ್‌ಗಿರುವ ಎತ್ತರ, ಮೈನಸ್ 80 ಮೀಟರಿನ ಆಸುಪಾಸು.

ಯಂತ್ರದ ಎತ್ತರದಿಂದ ಜಿಯಾಯ್ಡ್ ಅಂತರವನ್ನು ಕಳೆಯಬೇಕು. ಅಂತರವೇ ಮೈನಸ್ ಆದ್ದರಿಂದ 520ರಿಂದ ಮೈನಸ್ 80 ಕಳೆದರೆ 600. ಚಿಹ್ನೆ ಮರೆತು ದಾವಣಗೆರೆಯನ್ನು 440 ಮೀಟರಿಗೆ ಇಳಿಸಿದ ವರದಿಯೊಂದನ್ನು ನಾನೇ ನೋಡಿದ್ದೇನೆ. ಕೆಳಗೆ ಸಹಿ, ಮೊಹರು ಎಲ್ಲ ಇತ್ತು!

ಇಷ್ಟು ದೊಡ್ಡ ತಪ್ಪು ಹೇಗೂ ಕಣ್ಣಿಗೆ ಬೀಳುತ್ತದೆ. ನನಗೆ ಭಯವಿರುವುದು ಸಣ್ಣದರ ಬಗ್ಗೆ. ಎಲ್ಲ ಕಡೆಯೂ 80 ಎಂದು ಒಂದೇ ಸಂಖ್ಯೆ ಹಾಕಿ ಕೆಲಸ ಮುಗಿಸುವವರಿದ್ದಾರೆ. ಆದರೆ ಜಿಯಾಯ್ಡ್ ಓರೆಯಾಗಿದೆ. 5000ಕ್ಕೆ 1ರ ಇಳಿಜಾರಿನ ನಾಲೆ ಕಿಲೋಮೀಟರಿಗೆ ಇಳಿಯುವುದೇ 20 ಸೆಂಟಿಮೀಟರ್. ಜಿಯಾಯ್ಡ್ ಅಷ್ಟೇ ದೂರದಲ್ಲಿ 5 ಸೆಂಟಿಮೀಟರ್ ಓರೆಯಾಗಿದ್ದರೂ ನಿಮ್ಮ ಇಳಿಜಾರಿನ ಕಾಲುಭಾಗ ಲೆಕ್ಕ ತಪ್ಪಿತು. ನೀರು ಹರಿಯುವುದು ಗುರುತ್ವದ ಮಾತು ಕೇಳಿ, ಎಲಿಪ್ಸಾಯ್ಡ್ ಕೇಳಿ ಅಲ್ಲ.

ಅದಕ್ಕೇ ಪ್ರತಿ ಜಾಗದ ಜಿಯಾಯ್ಡ್ ಅಂತರ ಹೇಳುವ ಮಾದರಿ ಬೇಕು. ಇಡೀ ಭೂಮಿಗೆ ಮಾಡಿದ ಇಜಿಎಂ 2008 ಎಂಬ ಮಾದರಿ ಉಚಿತವಾಗಿ ಸಿಗುತ್ತದೆ, ಹಳೆಯ ಇಜಿಎಂ 96ಕ್ಕಿಂತ ಎಷ್ಟೋ ವಾಸಿ. ರಿಸೀವರ್‌ನ ಸೆಟ್ಟಿಂಗ್‌ನಲ್ಲಿ ಯಾವ ಜಿಯಾಯ್ಡ್ ಇದೆ ನೋಡಿ. ಏನೂ ಇಲ್ಲದಿದ್ದರೆ ಪರದೆಯ ಮೇಲಿನದು ಬರೀ ಎಲಿಪ್ಸಾಯ್ಡ್ ಎತ್ತರ. ಮಾದರಿ ಹಾಕಿದ ಮೇಲೂ ಅದನ್ನೇ ನಂಬಿ ಕೂರಬೇಡಿ. ನಮ್ಮ ದೇಶದ ಬೆಂಚ್ ಮಾರ್ಕ್‌ಗಳ (ಎತ್ತರ ಅಳೆದು ಇಟ್ಟಿರುವ ಸ್ಥಿರ ಗುರುತುಗಳ) ಎತ್ತರ ಸರ್ವೆ ಆಫ್ ಇಂಡಿಯಾ ಕರಾವಳಿಯ ಉಬ್ಬರವಿಳಿತ ಕೇಂದ್ರಗಳಿಂದ ಲೆವೆಲಿಂಗ್ ಮಾಡಿಕೊಂಡು, ಅಂದರೆ ಹಂತಹಂತವಾಗಿ ಎತ್ತರದ ವ್ಯತ್ಯಾಸ ಅಳೆಯುತ್ತಾ, ಬಂದದ್ದು. ಜಾಗತಿಕ ಮಾದರಿ ಅದಕ್ಕೆ ಕರಾರುವಾಕ್ಕಾಗಿ ಹೊಂದಲೇಬೇಕೆಂದಿಲ್ಲ, ಡೆಸಿಮೀಟರ್‌ಗಳ (ಹತ್ತು ಸೆಂಟಿಮೀಟರ್‌ಗಳ) ಲೆಕ್ಕದಲ್ಲಿ ಉಳಿಕೆ, ಅಂದರೆ ಎರಡರ ನಡುವೆ ಉಳಿಯುವ ವ್ಯತ್ಯಾಸ, ಬರಬಹುದು. ಜಾಗದ ಸುತ್ತಲಿನ ಕನಿಷ್ಠ ಮೂರು ಬೆಂಚ್ ಮಾರ್ಕ್‌ಗಳ ಮೇಲೆ ರೋವರ್ (ಕೈಯಲ್ಲಿ ಹಿಡಿದು ಓಡಾಡುವ ರಿಸೀವರ್) ನೇರ ನಿಲ್ಲಿಸಿ ಹೋಲಿಸಿ. ಮೂರರಲ್ಲೂ ಒಂದೇ ಉಳಿಕೆ ಬಂದರೆ ಅಷ್ಟನ್ನು ಸರಿಪಡಿಸಿದರಾಯಿತು. ಬೇರೆ ಬೇರೆ ಬಂದರೆ ಓರೆಯನ್ನೂ ಸರಿಹೊಂದಿಸಬೇಕು.

ನಿಮ್ಮ ಕೆಲಸಕ್ಕೆ ಇಷ್ಟೆಲ್ಲ ಬೇಕೇ? ನಾಲೆಯ ದಂಡೆಯಿಂದ ಜಮೀನು 200 ಮೀಟರ್ ದೂರವಿದ್ದರೆ ಬೇಸ್ (ಒಂದೆಡೆ ಕದಲದೆ ನಿಲ್ಲಿಸುವ ರಿಸೀವರ್) ಬದಲಿಸದೆ ಎರಡೂ ಕಡೆ ಅಳೆದು ವ್ಯತ್ಯಾಸ ತೆಗೆದುಕೊಳ್ಳಿ, ಜಿಯಾಯ್ಡ್ ಮರೆತುಬಿಡಿ. ನೀರಾವರಿ ಇಲಾಖೆಯ ನಕ್ಷೆಯಲ್ಲಿರುವ ಆರ್‌ಎಲ್‌ಗೆ (ರೆಡ್ಯೂಸ್ಡ್ ಲೆವೆಲ್, ಅಂದರೆ ನಕ್ಷೆಯ ಎತ್ತರ) ನಿಮ್ಮ ಅಳತೆ ಹೊಂದಿಸಬೇಕಾದರೆ ಮಾತ್ರ ಮೇಲಿನದ್ದೆಲ್ಲ ಬೇಕು. ಇಳಿಜಾರು ಬಹಳ ಕಡಿಮೆ ಎಂದಾದರೆ ಅಗೆಯುವ ಮೊದಲು ಒಮ್ಮೆ ಆಟೋ ಲೆವೆಲ್ (ಎತ್ತರದ ವ್ಯತ್ಯಾಸ ನೇರವಾಗಿ ಅಳೆಯುವ ದುರ್ಬೀನು ಯಂತ್ರ) ಹಿಡಿಸಿ. ಒಂದು ದಿನದ ಕೂಲಿ ಹೋಗಬಹುದು, ಪೈಪ್ ಮತ್ತೆ ಕೀಳುವುದು ತಪ್ಪುತ್ತದೆ.