ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹಳೇ ಚಿನ್ನದ ಊರುಗಳಿಗೆ ಅಪ್ಪ-ಅಮ್ಮನ ಜೊತೆ ನಾಲ್ಕು ದಿನ ಹೋಗ್ತಿದ್ದೀವಿ. ಮೆಟಲ್ ಡಿಟೆಕ್ಟರ್ ಬಾಡಿಗೆಗೆ ತಗೊಂಡರೆ ಪೆಟ್ರೋಲ್ ಖರ್ಚಾದರೂ ಹುಟ್ಟುತ್ತಾ?

ಡಿಟೆಕ್ಟರ್ ಬೇಡ. ಪೆಟ್ರೋಲ್ ಲೆಕ್ಕವೂ ಬೇಡ. ಬ್ಯಾಲರಾಟ್, ಕಾಸಲ್‌ಮೇನ್, ಬೆಂಡಿಗೊ, ಡನಾಲಿ ಅಂತ ದಿನಕ್ಕೊಂದು ಊರು ಬರೆದಿದ್ದೀರಲ್ಲ, ನಮ್ಮ ಪಟ್ಟಿಯೂ ಹೆಚ್ಚುಕಮ್ಮಿ ಹೀಗೇ ಇತ್ತು.

ಬಂಗಾರಪೇಟೆಯಿಂದ ಅತ್ತೆ-ಮಾವ ಮೆಲ್ಬರ್ನ್‌ಗೆ ಬಂದಿದ್ದ ಚಳಿಗಾಲ ಅದು. ಮಾವನಿಗೆ ಚಿನ್ನ ಅಂದರೆ ಕೆಜಿಎಫ್. ಬೆಣಚುಕಲ್ಲಿನೊಳಗೆ ಸೇರಿಕೊಂಡ ಚಿನ್ನ, ಅದರ ಬೆನ್ನುಹತ್ತಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್, 2001ರಲ್ಲಿ ಮುಚ್ಚಿದ ಗಣಿ, ಊರ ಸುತ್ತ ಸೈನೈಡ್ ಗುಡ್ಡಗಳು. "ಹಳ್ಳದಲ್ಲಿ ಕೂತ್ಕೊಂಡು ತಟ್ಟೇಲಿ ಚಿನ್ನ ಸಿಗುತ್ತೇನಮ್ಮಾ?" ಅಂತ ದಾರಿಯುದ್ದಕ್ಕೂ ಕೇಳುತ್ತಿದ್ದರು. ವಿಕ್ಟೋರಿಯಾದಲ್ಲಿ ಎರಡೂ ಉಂಟು. ಕಲ್ಲಿನ ಚಿನ್ನ ಸವೆದು, ಮಳೆನೀರಿನ ಜೊತೆ ಹಳ್ಳಕ್ಕೆ ಇಳಿದು ತಳ ಸೇರಿದೆ. 1851ರಲ್ಲಿ ಜನ ಮುಗಿಬಿದ್ದದ್ದು ಮೊದಲು ಈ ಹಳ್ಳದ ಚಿನ್ನಕ್ಕೇ. ದಪ್ಪದ್ದನ್ನೆಲ್ಲ ಅವರು ಎತ್ತಿಕೊಂಡು ಹೋದರು. ನಮ್ಮಂಥವರಿಗೆ ಉಳಿದಿರುವುದು ಪುಡಿ.

ಆ ಪುಡಿಯೂ ನಮಗೆ ಸಿಗಲಿಲ್ಲ, ಕೊಬ್ಬರಿ ಎಣ್ಣೆಯ ದೆಸೆಯಿಂದ. ಇದನ್ನು ಉದ್ದಕ್ಕೇ ಹೇಳುತ್ತೇನೆ, ಯಾಕಂದರೆ ಪ್ಯಾನ್, ಅಂದರೆ ಮಣ್ಣು ಜಾಲಿಸುವ ಆ ತಟ್ಟೆ, ಮಾರಿದವರೂ ನಮಗೆ ಹೇಳಿರಲಿಲ್ಲ.

ಜುಲೈ ತಿಂಗಳ ಹಳ್ಳದ ನೀರಿಗೆ ಕೈಯಿಟ್ಟರೆ ಚರ್ಮ ಬಿರಿಯುತ್ತದೆ. ಅತ್ತೆ ಕೊಬ್ಬರಿ ಎಣ್ಣೆಯ ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಒಂದೊಂದು ಪ್ಯಾನ್ ಮುಗಿದಾಗಲೂ ಎಲ್ಲರೂ ಕೈಗೆ ಹಚ್ಚಿಕೊಳ್ಳುವುದು, ಮತ್ತೆ ಮಣ್ಣು ತುಂಬಿ ನೀರಿಗಿಳಿಯುವುದು. ಕೊನೆಗೆ ತಳದಲ್ಲಿ ಬರೀ ಕರಿ ಮರಳು. ಕ್ರೆಸ್ವಿಕ್ ಹತ್ತಿರದ ಸ್ಲೇಟಿ ಕ್ರೀಕ್‌ನಲ್ಲಿ ಏನೂ ಇಲ್ಲ ಅಂತ ಮುಂದಿನ ಊರಿಗೆ ಹೋದೆವು, ಅಲ್ಲಿಯೂ ಇಲ್ಲ ಅಂತ ಅದರ ಮುಂದಿನದಕ್ಕೆ. ವಾಪಸು ಹೊರಡುವ ಹಿಂದಿನ ದಿನ ಕಾಸಲ್‌ಮೇನ್ ಕಡೆಯ ಒಂದು ಹಳ್ಳದಲ್ಲಿ, ಸ್ವಲ್ಪ ಕೆಳಗೆ ಕೂತಿದ್ದ ಅಲ್ಲಿಯವರೇ ಆದ ಅಜ್ಜ ಎದ್ದು ಬಂದು ನನ್ನ ಪ್ಯಾನಿನೊಳಗೆ ಬಗ್ಗಿ ನೋಡಿದರು. ನೀರಿನ ಮೇಲೆ ಹೊಳೆಯುತ್ತಿದ್ದ ಒಂದು ಚುಕ್ಕೆಯನ್ನು ಬೆರಳಿನಿಂದ ಅದುಮಿದರು. ಅದು ಮುಳುಗಿ ತಳಕ್ಕೆ ಹೋಯಿತು. ಚಿನ್ನ! ಅದನ್ನೇ ನಾವು ಪ್ರತಿಸಲ ಮೇಲಿನ ನೀರಿನ ಜೊತೆ ಚೆಲ್ಲುತ್ತಾ ಬಂದಿದ್ದೆವು.

ಚಿನ್ನ ನೀರಿಗಿಂತ 19 ಪಟ್ಟು ಭಾರ, ಬೆಣಚುಕಲ್ಲಿನ ಮರಳು ಎರಡೂವರೆ ಪಟ್ಟು ಚಿಲ್ಲರೆ. ಜಾಲಿಸಿದರೆ ಚಿನ್ನ ಕೆಳಗೆ ಉಳಿಯುವುದು ಈ ವ್ಯತ್ಯಾಸದಿಂದಲೇ. ಆದರೆ ಪುಡಿ ಚಿನ್ನ ದುಂಡಗಿರುವುದಿಲ್ಲ, ತೆಳ್ಳಗೆ ಚಪ್ಪಟೆಯಾಗಿರುತ್ತದೆ. ಅದಕ್ಕೆ ಎಣ್ಣೆಯ ಪಸೆ ತಾಗಿದರೆ ನೀರು ಹಿಡಿಯುವುದಿಲ್ಲ, ಅಷ್ಟು ಭಾರದ ಲೋಹವೂ ನೀರಿನ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಗಣಿ ಕಾರ್ಖಾನೆಗಳಲ್ಲಿ ಅರೆದ ಅದಿರಿಗೆ ಎಣ್ಣೆಯಂಥದ್ದು ಹಾಕಿ, ಗಾಳಿ ಊದಿ, ಬೇಕಾದ್ದನ್ನು ನೊರೆಯಲ್ಲಿ ತೇಲಿಸಿ ತೆಗೆಯುವುದು ಇದೇ ಗುಣದಿಂದ. ಆಸ್ಟ್ರೇಲಿಯಾದ್ದೇ ಬ್ರೋಕನ್ ಹಿಲ್ ಗಣಿಗಳಲ್ಲಿ ನೂರು ವರ್ಷಕ್ಕೂ ಹಿಂದೆ ಈ ವಿಧಾನ ಪಳಗಿತು. ಕೈಗೆ ಹಚ್ಚುವ ಕ್ರೀಮು, ಸನ್‌ಸ್ಕ್ರೀನ್, ತಲೆಯ ಎಣ್ಣೆ, ಬುತ್ತಿಯ ಉಪ್ಪಿನಕಾಯಿ, ಯಾವುದಾದರೂ ಅಷ್ಟೆ. ಹೊಸ ಪ್ಲಾಸ್ಟಿಕ್ ಪ್ಯಾನಿಗೂ ಅಚ್ಚಿನ ಜಿಡ್ಡು ಅಂಟಿರುತ್ತದೆ. ಮನೆಯಲ್ಲೇ ಪಾತ್ರೆ ಸೋಪು ಹಾಕಿ, ಸಣ್ಣ ಮರಳಿನಿಂದ ಉಜ್ಜಿ, ನೀರು ಹನಿಹನಿಯಾಗಿ ನಿಲ್ಲದೆ ಒಂದೇ ಸಮ ಹರಡುವವರೆಗೂ ತೊಳೆಯಿರಿ. ಹಳ್ಳಕ್ಕೆ ಸೋಪು ಹಾಕಬೇಡಿ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ಆ ರಾತ್ರಿ ಮೋಟೆಲಿನ ಸಿಂಕಿನಲ್ಲಿ ಎಲ್ಲ ಪ್ಯಾನ್‌ಗಳನ್ನೂ ಉಜ್ಜಿದೆವು. ಬೆಳಿಗ್ಗೆ ಅದೇ ಹಳ್ಳದಲ್ಲಿ ಮೊದಲು ಚಿನ್ನ ಕಂಡದ್ದು ಅತ್ತೆಗೆ. ನನ್ನ ಗಂಡ ಪ್ಯಾನ್ ಹಿಡಿದರೆ ಜಗ್ಗಾಡುತ್ತಾರೆ. ಅತ್ತೆ ಒಂದು ಕಾಲಕ್ಕೆ ದಿನಾ ಅಕ್ಕಿ ಜಾಲಿಸಿ ಕಲ್ಲು ಬೇರೆ ಮಾಡಿದವರು, ಎಷ್ಟು ಓರೆ ಮಾಡಬೇಕು, ಯಾವಾಗ ನೀರು ಬಿಡಬೇಕು ಅಂತ ಅವರ ಮಣಿಕಟ್ಟಿಗೇ ಗೊತ್ತು. ಹೊರಡುವ ಹೊತ್ತಿಗೆ ಗಾಜಿನ ಸಣ್ಣ ಶೀಸೆಯ ತಳ ಕಾಣದಷ್ಟು ಕಣಗಳಿದ್ದವು. ಮಾರಿದರೆ ಒಂದು ಊಟದ ದುಡ್ಡೂ ಬರದು. ಆದರೆ ಮಾವ ಇನ್ನೂ ಒಂದು ದಿನ ಇರೋಣ ಅಂದರು, ನಮಗೆ ರಜೆ ಇರಲಿಲ್ಲ. ಪಟ್ಟಿಯ ಊರುಗಳಿಗೆಲ್ಲ ಓಡುವ ಬದಲು ಒಂದೇ ಹಳ್ಳದಲ್ಲಿ ಕೂತಿದ್ದರೆ ಸಾಕಿತ್ತು.

ಡಿಟೆಕ್ಟರ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಅಲ್ಲಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಹಳೇ ಮೊಳೆ, ಸೀಸದ ಗುಂಡು, ಡಬ್ಬದ ಚೂರು ಎಲ್ಲಕ್ಕೂ ಅದು ಕೂಗುತ್ತದೆ. ಯಾವ ಕೂಗು ಯಾವುದರದ್ದು ಅಂತ ಕಿವಿ ಪಳಗಲು ನಾಲ್ಕು ದಿನ ಸಾಲದು. ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕಾಡು ಅಲೆದರೆ ಉಳಿದವರು ಕಾರಿನಲ್ಲಿ ಕೂರಬೇಕು. 1980ರಲ್ಲಿ ಕಿಂಗೋವರ್‌ನಲ್ಲಿ ಡಿಟೆಕ್ಟರಿಗೆ 27 ಕೆಜಿಯ ಗಟ್ಟಿ ಸಿಕ್ಕಿತ್ತು ಅಂತ ಯಾರಾದರೂ ಹೇಳುತ್ತಾರೆ. ನಿಜ. 1869ರಲ್ಲಿ ಮೊಲಿಯಾಗುಲ್‌ನಲ್ಲಿ ಯಾವ ಯಂತ್ರವೂ ಇಲ್ಲದೆ, ನೆಲದಿಂದ ಒಂದೆರಡು ಇಂಚು ಕೆಳಗೆ, ಸುಮಾರು 70 ಕೆಜಿಯದೂ ಸಿಕ್ಕಿದೆ. ಇವನ್ನು ನಂಬಿ ಅಪ್ಪ-ಅಮ್ಮನ ಪ್ರವಾಸ ಯೋಜಿಸಬೇಡಿ.

ಹುಡುಕಲು ಮೈನರ್ಸ್ ರೈಟ್ ಅನ್ನುವ ಸರ್ಕಾರಿ ಪರವಾನಗಿ ಬೇಕೇ ಬೇಕು. ಆನ್‌ಲೈನ್‌ನಲ್ಲಿ ಸಿಗುತ್ತದೆ, ಹತ್ತು ವರ್ಷ ನಡೆಯುತ್ತದೆ. ಅದರ ಹಿಂದೆ ರಕ್ತ ಇದೆ, ಕಾರಿನಲ್ಲಿ ಅಪ್ಪನಿಗೆ ಹೇಳಿ: ಚಿನ್ನ ಸಿಗಲಿ ಬಿಡಲಿ ಕಟ್ಟಬೇಕಿದ್ದ ಲೈಸೆನ್ಸ್ ಶುಲ್ಕದ ವಿರುದ್ಧ ಗಣಿಗಾರರು ಬ್ಯಾಲರಾಟ್‌ನ ಯುರೇಕಾದಲ್ಲಿ ಬೇಲಿ ಕಟ್ಟಿ ನಿಂತರು, 1854ರ ಡಿಸೆಂಬರ್ 3ರ ಮುಂಜಾನೆ ಸೈನಿಕರು ನುಗ್ಗಿದರು. ಮರುವರ್ಷ ಆ ಲೈಸೆನ್ಸ್ ಹೋಗಿ ವರ್ಷಕ್ಕೆ ಒಂದು ಪೌಂಡಿನ ಮೈನರ್ಸ್ ರೈಟ್ ಬಂತು, ಜೊತೆಗೆ ಮತದ ಹಕ್ಕೂ.

ಕೈ ಉಪಕರಣ ಮಾತ್ರ, ಮೋಟಾರಿನದು ಯಾವುದೂ ಇಲ್ಲ. ತೋಡಿದ ಗುಂಡಿ ಮುಚ್ಚಿ. ಯಾವ ಪಾರ್ಕಿನಲ್ಲಿ ಎಲ್ಲಿ ಹುಡುಕಬಹುದು ಅಂತ ಮೊದಲೇ ನೋಡಿಕೊಳ್ಳಿ. ಹಳೇ ಗಣಿಯ ಬೂದು ಮರಳಿನ ಗುಡ್ಡೆಗಳಲ್ಲಿ ಆರ್ಸೆನಿಕ್ ಇರುತ್ತದೆ, ಅತ್ತ ಹೋಗಬೇಡಿ. ಪೊದೆಗಳ ಮಧ್ಯೆ ಬೇಲಿಯಿಲ್ಲದ ಗಣಿ ಬಾವಿಗಳಿವೆ, ಅಪ್ಪನನ್ನು ಒಬ್ಬರನ್ನೇ ಅಡ್ಡಾಡಲು ಬಿಡಬೇಡಿ. ಬೇಸಿಗೆಯಲ್ಲಿ ಹಳ್ಳಗಳು ಒಣಗುತ್ತವೆ, ಜೂನ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಮೇಲಿನ ಜಲ್ಲಿಕಲ್ಲು ತುಂಬಿಕೊಳ್ಳಬೇಡಿ. ನೆಟ್ಟಗೆ ನಿಂತ ಸ್ಲೇಟ್ ಕಲ್ಲಿನ ಸಂದುಗಳನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು, ಅಲ್ಲಿನ ಜೇಡಿ ತನ್ನಿ.

ಮೊದಲ ದಿನ ಬ್ಯಾಲರಾಟ್‌ನಲ್ಲಿ ಹಳೇ ಚಿನ್ನದ ಊರನ್ನು ಮತ್ತೆ ಕಟ್ಟಿ ತೋರಿಸುವ ಸಾವರಿನ್ ಹಿಲ್ ಮ್ಯೂಸಿಯಂ ನೋಡಿ, ಉಳಿದ ಮೂರೂ ದಿನ ಹತ್ತಿರದ ಕ್ರೆಸ್ವಿಕ್‌ನಲ್ಲೇ ಇರಿ. ಒಂದು ಪ್ಯಾನ್ ಅಮ್ಮನಿಗೇ ಅಂತ ಕೊಡಿ. ಬೆಂಡಿಗೊ ಇನ್ನೊಂದು ಸಲಕ್ಕಿರಲಿ.