ಆಪ್ತಸಲಹೆ ಪ್ರಕರಣ: ಶೇ. 58 ಬಂದವನು ಸಿಯುಇಟಿ ಬರೆಯಬಹುದೇ?

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಹುಡುಗ ದ್ವಿತೀಯ ಪಿಯುಸಿ, ಕಲಾ ವಿಭಾಗ, ಕನ್ನಡ ಮಾಧ್ಯಮ. ನಸುಕಿಗೇ ಮಂಗಳೂರಿನ ದಕ್ಕೆಯಲ್ಲಿ (ಮೀನುಗಾರಿಕಾ ಬಂದರಿನಲ್ಲಿ) ಮೀನಿನ ಬುಟ್ಟಿ ಹೊತ್ತು ಆಮೇಲೆ ಕಾಲೇಜಿಗೆ ಹೋಗುತ್ತಾನೆ. ಪ್ರಥಮ ಪಿಯುಸಿಯಲ್ಲಿ ಶೇ. 58. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುವ ಆಸೆ. ಅದಕ್ಕೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. "ಇವನ ಮಾರ್ಕಿಗೆ ಅದನ್ನು ಬರೆದು ಪ್ರಯೋಜನ ಉಂಟಾ ಮೇಡಂ?" ಎಂಬುದು ತಾಯಿಯ ಪ್ರಶ್ನೆ.

ಸಿಯುಇಟಿಯ ಸಾಮಾನ್ಯ ಸಾಮರ್ಥ್ಯ ಪರೀಕ್ಷೆಯ ಮಾದರಿ ಪತ್ರಿಕೆ ಕೊಟ್ಟೆವು: 50 ಪ್ರಶ್ನೆ, 60 ನಿಮಿಷ, ನೀಲಿ ಪೆನ್ನು. ಸಮಯ ಮುಗಿದ ಮೇಲೆ ಕೆಂಪು ಪೆನ್ನು ಕೊಟ್ಟು, ಗಡಿಯಾರ ನೋಡದೆ ಮುಂದುವರಿಸಲು ಹೇಳಿದೆವು. ನೀಲಿಯಲ್ಲಿ 31 ಉತ್ತರ, 24 ಸರಿ. ಉಳಿದ 19ರಲ್ಲಿ ಕೆಂಪಿನಲ್ಲಿ 13 ಸರಿ. ಇಷ್ಟು ಅಂತರವಿದ್ದರೆ ಕೊರತೆ ಇರುವುದು ಬುದ್ಧಿಯಲ್ಲಲ್ಲ, ಓದಿನ ವೇಗ ಮತ್ತು ಪರೀಕ್ಷೆಯ ರೂಢಿಯಲ್ಲಿ. ಕೆಂಪಿನಲ್ಲೂ ತಪ್ಪಿದ್ದರೆ ಶೇಕಡ, ಅನುಪಾತ, ಸರಾಸರಿಯನ್ನು ಹೈಸ್ಕೂಲ್ ಪುಸ್ತಕದಿಂದಲೇ ಮತ್ತೆ ಕಲಿಯಬೇಕಾಗುತ್ತಿತ್ತು.

ಆ 19ರಲ್ಲಿ ಎಂಟನ್ನು ಅವನು ಓದಿಯೂ ಬಿಟ್ಟಿದ್ದ. ಕಾರಣ, ಮೈನಸ್ ಅಂಕದ ಹೆದರಿಕೆ. ಕೋಚಿಂಗ್ ಕಾಣದ ಮಕ್ಕಳು ಇಲ್ಲೇ ಹಿಂದೆ ಬೀಳುವುದು ನೋಡಿದರೆ ಸಂಕಟವಾಗುತ್ತದೆ. ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆವು. ಸರಿಗೆ 5 ಅಂಕ, ತಪ್ಪಿಗೆ ಒಂದು ಕಳೆತ, ಆಯ್ಕೆ ನಾಲ್ಕು. ಏನೂ ಗೊತ್ತಿಲ್ಲದೆ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೂ ಸರಾಸರಿ ಒಂದು ಸರಿ, ಮೂರು ತಪ್ಪು: ಎರಡು ಅಂಕ ಲಾಭ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿದರೆ ಮೂರೇ ಪ್ರಶ್ನೆಗೆ ಮೂರು ಅಂಕ. ಹಾಗಾಗಿ ಖಾಲಿ ಬಿಡಕೂಡದು. ಬೇರೆ ಪರೀಕ್ಷೆಗಳಲ್ಲಿ ಕಳೆತದ ನಿಯಮ ಬೇರೆ, ಈ ಲೆಕ್ಕ ಅಲ್ಲಿಗೆ ಒಯ್ಯಬಾರದು.

ವೇಗಕ್ಕೆ ಹೇಳಿದ್ದು: ಮೊದಲ 40 ನಿಮಿಷ ಸುಲಭದವು ಮಾತ್ರ, ಉಳಿದ 20 ನಿಮಿಷ ಉದ್ದದ ತರ್ಕದ ಪ್ರಶ್ನೆಗಳಿಗೆ. ದಿನಾ 20 ಪ್ರಶ್ನೆ, ಸಂಜೆ. ದಕ್ಕೆಯಿಂದ ದಣಿದು ಬಂದ ಹೊತ್ತಿಗಲ್ಲ. ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುವುದರಿಂದ ವಾರಕ್ಕೊಮ್ಮೆ ಕಾಲೇಜಿನ ಲ್ಯಾಬಿನಲ್ಲಿ ಮೌಸ್ ಹಿಡಿದೇ ಪೂರ್ತಿ ಪತ್ರಿಕೆ ಬಿಡಿಸಬೇಕು.

ಅರ್ಜಿಯಲ್ಲಿ ಮಾಧ್ಯಮ ಕನ್ನಡ ಎಂದೇ ಆರಿಸಿದ. ಆದರೆ ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನಲ್ಲಿರುವ ಪ್ರಶ್ನೆಯೇ ಅಂತಿಮ, ಆದ್ದರಿಂದ ಗಣಿತದ ಪದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಗರಿಷ್ಠ 5 ವಿಷಯ ಆರಿಸಬಹುದು. ಮೊದಲು ತನಗೆ ಬೇಕಾದ ವಿಶ್ವವಿದ್ಯಾಲಯ ಆ ಕೋರ್ಸಿಗೆ ಯಾವ ವಿಷಯ ಕೇಳುತ್ತದೆ ಎಂದು ನೋಡಬೇಕು. ಅಲ್ಲಿ ಎಡವಿದರೆ ಎಷ್ಟು ಅಂಕ ಬಂದರೂ ಸೀಟಿಲ್ಲ. ಮೀಸಲಾತಿಗೆ ರಾಜ್ಯದ ಪ್ರವರ್ಗ ಪ್ರಮಾಣಪತ್ರವೂ ಇಲ್ಲಿ ಸಾಲದು. ಕೇಂದ್ರದ ಒಬಿಸಿ ನಮೂನೆಯದ್ದಕ್ಕೆ ಈಗಲೇ ಅರ್ಜಿ ಹಾಕಲು ತಾಯಿಗೆ ತಿಳಿಸಿದೆವು.

ಊರಿನ ಪದವಿ ಕಾಲೇಜುಗಳ ಪ್ರವೇಶ ಸಿಯುಇಟಿ ಫಲಿತಾಂಶಕ್ಕಿಂತ ಮೊದಲೇ ಶುರುವಾಗುತ್ತದೆ. ಅಲ್ಲೂ ಒಂದು ಸೀಟು ಹಿಡಿದಿಡಬೇಕು. ಶುಲ್ಕ ಕಟ್ಟುವ ಮೊದಲು, ಬಿಟ್ಟುಹೋದರೆ ಎಷ್ಟು ವಾಪಸ್ ಬರುತ್ತದೆ, ಮೂಲ ಅಂಕಪಟ್ಟಿ ಯಾವಾಗ ಸಿಗುತ್ತದೆ ಎಂಬುದನ್ನು ಕಚೇರಿಯಲ್ಲಿ ಬರಹದಲ್ಲೇ ಪಡೆಯಲು ಹೇಳಿ ಕಳಿಸಿದೆವು.