ಹರಿಹರದ ಚಾವಣಿಯ ಹೂವು: ದಾವಣಗೆರೆಯ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಹರಿಹರೇಶ್ವರ ದೇವಾಲಯವನ್ನು ಕುರಿತ ನಮ್ಮ ಲೇಖನವು ಚಾವಣಿಯ ಹೂಗಳನ್ನು ‘ಖಾಲಿ ಜಾಗ ತುಂಬುವ ಅಲಂಕಾರ’ ಎಂದು ಕರೆದದ್ದಕ್ಕೆ ತಾವು ಆಕ್ಷೇಪಿಸಿದ್ದೀರಿ. ಇಂಥದೇ ಹೂವನ್ನು ಈಗಿನ ಇರಾಕಿನ ಪ್ರಾಚೀನ ರಾಜ್ಯವಾದ ಅಸ್ಸೀರಿಯಾದ ಅರಮನೆಯ ಚಿತ್ರವೊಂದರಲ್ಲಿ ಕಂಡು, ಇದು ಅಲ್ಲಿಂದ ಬಂದದ್ದೇ ಎಂದೂ ಕೇಳಿದ್ದೀರಿ. ಆಕ್ಷೇಪ ನ್ಯಾಯವಾದದ್ದು, ಆ ಮಾತನ್ನು ತಿದ್ದದೆ ಅಚ್ಚಿಗೆ ಕಳಿಸಿದ್ದು ನನ್ನ ತಪ್ಪು.

ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1223–24ರಲ್ಲಿ ಕಟ್ಟಿಸಿದ ಈ ಗುಡಿಯ ಮಂಟಪದಲ್ಲಿ ನಿಂತು ತಲೆಯೆತ್ತಿದರೆ, ಹೂವು ಎಲ್ಲೆಂದರಲ್ಲಿ ಕೂತಿಲ್ಲವೆಂಬುದು ತಿಳಿಯುತ್ತದೆ. ನಾಲ್ಕು ಕಂಬಗಳ ಮೇಲೆ ನಾಲ್ಕು ತೊಲೆಗಳು ಕೂತಾಗ ನಡುವೆ ಉಳಿಯುವ ಚೌಕವೇ ಅಂಕಣ. ಅಂಕಣ ಅಗಲವಾಗಿದ್ದಲ್ಲಿ ನಮ್ಮ ಶಿಲ್ಪಿಗಳು ಮೂಲೆಗಳಿಗೆ ಅಡ್ಡಗಲ್ಲು ಹಾಕಿ, ಚೌಕವನ್ನು ಓರೆಗೆ ತಿರುಗಿಸುತ್ತಾ ಕಿರಿದುಗೊಳಿಸಿ, ಕೊನೆಗೆ ಉಳಿದ ಕಿಂಡಿಯನ್ನು ಒಂದೇ ಚಪ್ಪಡಿಯಿಂದ ಮುಚ್ಚುತ್ತಿದ್ದರು. ಹೂವು ಅರಳುವುದು ಕಟ್ಟಡವನ್ನು ಪೂರೈಸುವ ಆ ಕಲ್ಲಿನ ಮೈಮೇಲೆ. ಒಂದೇ ಚಪ್ಪಡಿ ಸಾಕಾದ ಅಂಕಣದಲ್ಲೂ ಅದರ ಸ್ಥಾನ ನಟ್ಟನಡುವೆಯೇ. ಚೌಕಕ್ಕೆ ಎರಡು ಕರ್ಣ, ಎರಡು ನಡುಗೆರೆ ಎಳೆದರೆ ಎಂಟು ದಿಕ್ಕುಗಳು ತಾವಾಗಿ ಸಿಗುತ್ತವೆ, ಆದ್ದರಿಂದಲೇ ಎಂಟು ಎಸಳು. ಪ್ರತಿ ಕೋನವನ್ನೂ ಮತ್ತೊಮ್ಮೆ ಸೀಳಿದರೆ ಹದಿನಾರು. ಕರ್ನಾಟಕದ ಹಲವು ಗುಡಿಗಳಲ್ಲಿ ಇದೇ ಎಂಟು ದಿಕ್ಕುಗಳಲ್ಲಿ ದಿಕ್ಪಾಲಕರು ಕೂತಿದ್ದಾರೆ. ಕಲ್ಲಿನಲ್ಲಿ ಎಸಳಿನ ಅಂಚು ಅಷ್ಟು ತೆಳುವಾಗಿ ಮೂಡಿದ್ದಕ್ಕೆ ಬಳಪದ ಕಲ್ಲಿನ ಗುಣವೂ ಕಾರಣ: ಗಣಿಯಿಂದ ಬಂದಾಗ ಉಳಿಗೆ ಮೆತ್ತಗೆ ಒಗ್ಗಿ, ಗಾಳಿಗೆ ತೆರೆದುಕೊಂಡಂತೆ ಅದು ಗಟ್ಟಿಯಾಗುತ್ತದೆ.

ಇನ್ನು ಅಸ್ಸೀರಿಯಾದ ಮಾತು. ಕ್ರಿಸ್ತಪೂರ್ವ 7ನೆಯ ಶತಮಾನದಲ್ಲಿ ಅದರ ರಾಜಧಾನಿ ನಿನೆವೆಯಲ್ಲಿ, ದೊರೆ ಅಶೂರ್‌ಬನಿಪಾಲನ ಅರಮನೆಯಲ್ಲಿ ಇಂಥ ಹೂಗಳನ್ನು ಹೊಸ್ತಿಲಿನ ಕಲ್ಲಿನ ಮೇಲೆ, ಹಾಸಿದ ಜಮಖಾನೆಯಂತೆ, ಕೆತ್ತಿದ್ದರು. ದಾವಣಗೆರೆಯ ಮನೆಗಳಲ್ಲಿ ಬೆಳಗಾದರೆ ಹೊಸ್ತಿಲಿಗೆ ಹೂವಿನ ರಂಗೋಲಿ ಬೀಳುವುದನ್ನು ನೋಡುವ ನನಗೆ ಈ ಸಂಗತಿ ತುಂಬಾ ಹತ್ತಿರದ್ದೆನಿಸುತ್ತದೆ. ಆದರೂ ಎರವಲು ಎಂದು ತೀರ್ಮಾನಿಸಲಾರೆ. ಒಂದು ಗೂಟ, ಒಂದು ದಾರವಿದ್ದರೆ ವೃತ್ತವನ್ನು ಎಸಳಾಗಿ ಹಂಚುವ ಬಗೆ ಯಾವ ನಾಡಿನ ಕುಶಲಿಗೂ ಹೊಳೆಯುತ್ತದೆ. ಆಕಾರ ನಾಡಿನಿಂದ ನಾಡಿಗೆ ನಡೆದೂ ಇರಬಹುದು. ನಿನೆವೆಯ ಹೂವಿಗೆ ಒಂದೇ ಸುತ್ತಿನ ದುಂಡನೆಯ ಎಸಳು. ನಮ್ಮ ಶಿಲ್ಪಿ ಕೆತ್ತಿದ್ದು ಕೆರೆಯಲ್ಲಿ ಕಂಡ ತಾವರೆಯನ್ನು, ಸುತ್ತಿನೊಳಗೆ ಸುತ್ತಾಗಿ, ನಡುವೆ ಕರ್ಣಿಕೆಯನ್ನು, ಎಂದರೆ ತಾವರೆಯ ಬೀಜಕೋಶವನ್ನು, ಇಟ್ಟು. ಕ್ರಿಸ್ತಪೂರ್ವದಲ್ಲೇ ಮಧ್ಯಪ್ರದೇಶದ ಭಾರಹುತದ ಬೌದ್ಧ ಸ್ತೂಪದ ಕಟಾಂಜನದಲ್ಲಿ ಆ ತಾವರೆ ಪೂರ್ತಿ ಅರಳಿತ್ತು. ದೇವರ ಕಾಲಡಿಯಲ್ಲಿ ಪದ್ಮಪೀಠವಾಗುವ ಅದೇ ಹೂವು ಚಾವಣಿಯಲ್ಲಿ ಭಕ್ತರ ತಲೆಯ ಮೇಲೆ ಕೆಳಮುಖವಾಗಿದೆ.

ಲೇಖನದ ಆ ಸಾಲನ್ನು ಹಿಂಪಡೆದು, ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ